ಸುಳಿವು ಚೀಟಿ

ಅಪ್ಪನನ್ನು ಕಸುಬುದಾರರ ಬಳಗಕ್ಕೆ ಸೇರಿಸಿದ್ದು ಅಮ್ಮ. ಅವನನ್ನು ಒಂದು ಮಾತೂ ಕೇಳಲಿಲ್ಲ. ಮೊದಲು ಫೀಸು ಕಟ್ಟಿ, ರಸೀದಿಯನ್ನು ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲಿಟ್ಟು, ಆಮೇಲೆ ವಿಷಯ ತೆಗೆದಳು. ಅಪ್ಪ ರಸೀದಿ ನೋಡಿದ, ಬ್ರೆಡ್ಡು ನೋಡಿದ, ಬ್ರೆಡ್ಡನ್ನೇ ಎತ್ತಿಕೊಂಡ.

"ಪ್ರತಿ ಬುಧವಾರ ಬೆಳಗ್ಗೆ ಆರೂವರೆಗೆ, ಸ್ಟೇಷನ್ ರಸ್ತೆ ಹೋಟೆಲಿನ ಮೇಲಿನ ಹಾಲಲ್ಲಿ," ಅಂದಳು ಅಮ್ಮ. "ಒಂದೊಂದು ಕಸುಬಿಗೆ ಒಬ್ಬರೇ. ಒಬ್ಬ ಪೇಂಟರ್, ಒಬ್ಬ ಬಡಗಿ, ಒಬ್ಬ ಮನೆ ಬ್ರೋಕರ್, ಹಲ್ಲಿನ ಡಾಕ್ಟರ್ ಒಬ್ಬರು. ಪ್ಲಂಬರ್ ಸೀಟು ಖಾಲಿ ಇತ್ತು. ನಿಮ್ಮ ಗಿರಾಕಿಗಳಿಗೆ ನೀವು ಅವರ ಹೆಸರು ಹೇಳೋದು, ಅವರ ಗಿರಾಕಿಗಳಿಗೆ ಅವರು ನಿಮ್ಮ ಹೆಸರು ಹೇಳೋದು. ಅಷ್ಟೇ."

"ಅಷ್ಟೇ ಆದ್ರೆ ಫೀಸು ಯಾಕೆ?" ಅಜ್ಜಿ ಕೇಳಿದಳು. ಅಜ್ಜಿ ಅಪ್ಪನ ಅಮ್ಮ. ಎಪ್ಪತ್ತಾರು ವರ್ಷ, ಕಣ್ಣು ಮಂಜು, ಕಿವಿ ಮಾತ್ರ ಪಕ್ಕದ ಮನೆಯದ್ದೂ ಕೇಳಿಸುವಷ್ಟು ಚುರುಕು.

"ತಿಂಡೀನೂ ಕೊಡ್ತಾರೆ ಅತ್ತೆ."

"ಮನೇಲಿ ತಿಂಡಿಗೇನು ಬರ ಬಂದಿದ್ಯಾ?"

"ಬರ ಬಂದಿರೋದು ಕೆಲಸಕ್ಕೆ. ಈಗ ಜನ ಮೊಬೈಲ್ ಒತ್ತಿದ್ರೆ ಸಾಕು, ಯೂನಿಫಾರ್ಮ್ ಹಾಕ್ಕೊಂಡ ಪ್ಲಂಬರ್ ಬಾಗಿಲಲ್ಲಿ ನಿಂತಿರ್ತಾನೆ. ಇವರಿಗೆ ಉಳಿದಿರೋದು ಹಳೇ ಮನೆಗಳ ಹಳೇ ಸಿಂಕು. ಎಷ್ಟು ದಿನ ಅಂತ ಸಿಂಕಿನ ಕೆಳಗೆ ಮಂಡಿಯೂರಿಕೊಂಡು ಇರ್ತಾರೆ? ಹೊಸ ಬಚ್ಚಲಿನ ಕೆಲಸ ನಾಲ್ಕು ಸಿಕ್ಕಿದ್ರೆ, ಬಗ್ಗೋ ಕೆಲಸಕ್ಕೆ ಒಬ್ಬರನ್ನ ಇಟ್ಕೋಬಹುದು. ಆ ಮಂಡಿ ನೋಡಿ ಅತ್ತೆ, ಬೆಳಗ್ಗೆ ಮಂಚದಿಂದ ಏಳೋವಾಗ ಬಾಗಿಲಿನ ಹಾಗೆ ಕಿರ್ ಅನ್ನತ್ತೆ."

ಮಂಡಿಯ ವಿಷಯ ಬಂದರೆ ಅಜ್ಜಿಯ ಬಾಯಿ ಕಟ್ಟುತ್ತಿತ್ತು. ಅಪ್ಪ ಬ್ರೆಡ್ಡು ಮುಗಿಸಿ, ಚಹಾ ಮುಗಿಸಿ, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ, "ಸರಿ" ಅಂದ. ಅವನ ಒಪ್ಪಿಗೆಯೂ ವಿರೋಧವೂ ಅದೊಂದೇ ಪದದ ಆಸುಪಾಸಿನಲ್ಲಿ ಇರುತ್ತಿತ್ತು.

ಅಪ್ಪನನ್ನು ಬೀದಿಯಲ್ಲಿ ಎಲ್ಲರೂ 'ವಾಷರ್' ಅಂತ ಕರೆಯುತ್ತಿದ್ದರು. ಯಾರ ಮನೆಗೆ ಹೋದರೂ ನಲ್ಲಿಯ ಮುಂದೆ ಕೂತು, ಎರಡು ನಿಮಿಷ ನೋಡಿ, "ವಾಷರ್ ಹೋಗಿದೆ" ಅನ್ನುತ್ತಿದ್ದ. ಇಡೀ ಪೈಪು ಕೊಳೆತು ಕೈಗೆ ಬಂದರೂ ಮೊದಲು ಅದೇ ಮಾತು. ಅದಕ್ಕಿಂತ ಉದ್ದದ ವಾಕ್ಯವನ್ನು ಅವನ ಬಾಯಲ್ಲಿ ಕೇಳಿದ ಗಿರಾಕಿ ಇಲ್ಲ. ಇದು ಬರೀ ಸಂಕೋಚ ಅಲ್ಲ, ತಾತ ಕಲಿಸಿದ ಪಾಠ. ತಾತನೂ ಇದೇ ಕಸುಬಿನವನು. "ಗಿರಾಕಿ ಮನೆಗೆ ಹೋಗುವಾಗ ಕಣ್ಣು ಬಿಟ್ಕೊಂಡು ಹೋಗು, ಬರುವಾಗ ಬಾಯಿ ಮುಚ್ಕೊಂಡು ಬಾ" ಅನ್ನುತ್ತಿದ್ದನಂತೆ. ಪ್ಲಂಬರ್ ಹೋಗುವ ಜಾಗಗಳೇ ಹಾಗೆ ನೋಡಿ. ಬಚ್ಚಲು, ಕಕ್ಕಸು, ಅಡುಗೆಮನೆಯ ಕಟ್ಟೆಯ ಕೆಳಗೆ. ನೆಂಟರಿಗೂ ತೋರಿಸದ ಮೂಲೆಗಳಲ್ಲಿ ಅವನು ತಲೆ ತೂರಿಸಿಕೊಂಡು ಮಲಗಿರುತ್ತಾನೆ.

ಆದರೆ ಮನೆಯಲ್ಲಿ ಅವನು ಬೇರೆ ಮನುಷ್ಯ. ಸಂಜೆ ಆರಕ್ಕೆ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬಲಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ. ಯಾವ ಮನೆಯಲ್ಲಿ ಅಪ್ಪ ಮಗ ಮಾತು ಬಿಟ್ಟಿದ್ದಾರೆ, ಯಾವ ಮನೆಯ ಹೆಂಗಸು ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಾಳೆ, ಎಲ್ಲ ಹೇಳುತ್ತಿದ್ದ. ಅಮ್ಮ ತರಕಾರಿ ಹೆಚ್ಚುತ್ತ "ಹೂಂ, ಆಮೇಲೆ?" ಅನ್ನುತ್ತಿದ್ದಳು. ನಾನು ಪಕ್ಕದ ಮೇಜಿನಲ್ಲಿ ಕಾಲೇಜಿನ ಪುಸ್ತಕ ತೆರೆದು ಓದುವವಳ ಹಾಗೆ ನಟಿಸುತ್ತಿದ್ದೆ. ದಿನವಿಡೀ ಒಳಗೆ ಸೇರಿಸಿಟ್ಟ ಮಾತನ್ನು ಅಪ್ಪ ಇಳಿಸುತ್ತಿದ್ದದ್ದು ಆ ಒಂದು ಗಂಟೆಯಲ್ಲಿ, ಆ ಒಬ್ಬಳ ಮುಂದೆ. ಅವರಿಬ್ಬರ ನಡುವೆ ಇದ್ದ ಪ್ರೀತಿ ಅದೇ ಅಂತ ನನಗೆ ಆಗ ಗೊತ್ತಿರಲಿಲ್ಲ; ಅದು ನಿಂತುಹೋದಾಗ ಗೊತ್ತಾಯಿತು.

ಬಳಗದಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ಒಂದು ನಿಮಿಷ ತಮ್ಮ ಕಸುಬಿನ ಬಗ್ಗೆ ಹೇಳಬೇಕು. ನಿಮಿಷ ಮುಗಿದರೆ ಗಂಟೆ ಬಾರಿಸುತ್ತಾರೆ. ಅದಕ್ಕೆ ಮಂಗಳವಾರ ಸಂಜೆ ನಮ್ಮ ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ಗಂಟೆಯ ಬದಲು ಅಜ್ಜಿಯ ಕೈಯಲ್ಲಿ ಚಮಚ ಮತ್ತು ಲೋಟ.

ಅಪ್ಪ ಎದ್ದು ನಿಂತ. "ನಮಸ್ಕಾರ. ನಾನು ಪ್ಲಂಬರ್." ಕೂತ.

"ಇನ್ನೂ ಐವತ್ತಾರು ಸೆಕೆಂಡ್ ಇದೆ ಅಪ್ಪ," ಅಂದೆ.

ಮತ್ತೆ ಎದ್ದ. ಯೋಚಿಸಿದ. "ನಲ್ಲಿ, ಪೈಪು, ಟ್ಯಾಂಕು. ಎಲ್ಲ ಮಾಡ್ತೀನಿ." ಕೂತ.

"ಇಪ್ಪತ್ತೆರಡು ವರ್ಷದ ಅನುಭವ ಇದೆ ಅನ್ನಿ ರೀ," ಅಮ್ಮ ಹೇಳಿಕೊಟ್ಟಳು. "ಮಾಡಿದ ಕೆಲಸ ಸೋರಿದ್ರೆ ದುಡ್ಡು ತಗೊಳಲ್ಲ ಅನ್ನಿ."

"ಸೋರಲ್ಲ," ಅಂದ ಅಪ್ಪ.

ಅಜ್ಜಿ ಲೋಟಕ್ಕೆ ಠಣ್ ಅಂತ ಬಾರಿಸಿದಳು. "ಸಾಕು ಬಿಡೇ. ಸೋರಲ್ಲ ಅಂದ ಮೇಲೆ ಇನ್ನೇನು ಪುರಾಣ?"

ಮಾರನೆ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಎಂಟೂವರೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಹಿಡಿದಳು. ತಿಂಡಿ ಚೆನ್ನಾಗಿತ್ತಂತೆ. ಅವನು ಹನ್ನೊಂದು ಸೆಕೆಂಡ್ ಮಾತಾಡಿದನಂತೆ. ಆಮೇಲೆ ಜೇಬಿನಿಂದ ಒಂದು ಹಳದಿ ಚೀಟಿಗಳ ಪುಸ್ತಕ ತೆಗೆದ. "ಇದರಲ್ಲಿ ಬರೆದು ಕೊಡಬೇಕಂತೆ, ಯಾರ ಮನೇಲಿ ಯಾರಿಗೆ ಕೆಲಸ ಇದೆ ಅಂತ. ವಾರಕ್ಕೊಂದಾದ್ರೂ. ಇದಕ್ಕೆ ಸುಳಿವು ಅಂತಾರೆ."

"ಸುಳಿವಾ?" ಅಜ್ಜಿ ಒಳಗಿನಿಂದಲೇ ಕೂಗಿದಳು. "ಸುಳಿವು ಕೊಡೋದು ಕಳ್ಳರಿಗೆ ಕಣೋ!"

"ಅತ್ತೆ, ಅದು ಬರೀ ಹೆಸರು."

"ಹೆಸರು ಇಟ್ಟೋರು ತಿಳೀದೆ ಇಟ್ಟಿರ್ತಾರಾ?"

ಅಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆಂದರೆ ಬಳಗ ಕೆಲಸ ಮಾಡುತ್ತಿತ್ತು. ಎರಡನೆಯ ವಾರಕ್ಕೇ ಟೈಲ್ಸ್ ಅಂಗಡಿಯವರು, ಅಂದರೆ ಬಳಗದ ಅಧ್ಯಕ್ಷರು, ಅಪ್ಪನಿಗೆ ಎರಡು ಹೊಸ ಬಚ್ಚಲಿನ ಕೆಲಸ ಹೇಳಿದರು. ತಮ್ಮ ಮನೆಯ ಬಚ್ಚಲನ್ನೂ ತೋರಿಸಿದರು. ಪೇಂಟರ್ ಒಂದು ಟ್ಯಾಂಕಿನ ಕೆಲಸ ಕೊಟ್ಟ. ಗಿರಾಕಿಗಳ ಕರೆ ಬರೆದಿಡುವ ಅಮ್ಮನ ಫೋನ್ ಡೈರಿಯಲ್ಲಿ ವಾರದ ಮೂರು ದಿನ ತುಂಬಿ ನಾಲ್ಕನೆಯದಕ್ಕೆ ಗೆರೆ ದಾಟಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಅಪ್ಪ ಮಾತ್ರ ಯಾರಿಗೂ ಒಂದು ಚೀಟಿ ಕೊಟ್ಟಿರಲಿಲ್ಲ.

"ವಾರಕ್ಕೆ ಹತ್ತು ಮನೆ ಒಳಗೆ ಹೋಗ್ತೀರಿ," ಅಂದಳು ಅಮ್ಮ, ಮೂರನೆಯ ಮಂಗಳವಾರ. "ಒಂದು ಮನೇಲೂ ಗೋಡೆ ಬಣ್ಣ ಹೋಗಿಲ್ವಾ? ಒಂದು ಬಾಗಿಲೂ ಮುರಿದಿಲ್ವಾ?"

"ಮುರಿದಿರತ್ತೆ. ನನ್ನನ್ನ ಕರೆದಿರೋದು ನಲ್ಲಿಗೆ."

"ಬಡಗಿ ಬೇಕಾ ಅಂತ ಒಂದು ಮಾತು ಕೇಳಿದ್ರೆ ಬಾಯಿ ಸವೆಯತ್ತಾ?"

"ನಿಮ್ಮ ಬಾಗಿಲು ಮುರಿದಿದೆ ಅಂತ ನಾನು ಹೇಳೋದಾ? ಅವರಿಗೆ ಗೊತ್ತಿಲ್ವಾ?"

"ನಾಳೆನೂ ಬರಿಗೈಲಿ ಹೋದ್ರೆ ಸೀಟು ಹೋಗತ್ತೆ ರೀ. ಮೂರು ವಾರ ಬರಿಗೈ ಅಂದ್ರೆ ತೆಗೆದೇಬಿಡ್ತಾರೆ. ಇನ್ನೊಬ್ಬ ಪ್ಲಂಬರ್ ಬಾಗಿಲಲ್ಲೇ ಕಾಯ್ತಿದ್ದಾನಂತೆ."

ಅಪ್ಪ ಮಂಡಿಯ ಮೇಲಿನ ಚೀಲ ಸರಿಮಾಡಿಕೊಂಡು ಎಂದಿನಂತೆ ದಿನದ ಕಥೆ ಶುರುಮಾಡಿದ. ಅವತ್ತು ಅವನು ಹೆಡ್‌ಮಿಸ್ ಮನೆಗೆ ಹೋಗಿದ್ದ. ಅವರು ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು, ಊರಿನ ಬಾಯಲ್ಲಿ ಇನ್ನೂ ಹೆಡ್‌ಮಿಸ್ಸೇ. ಮಹಡಿ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಮೇಲಿನ ನೀರೆಲ್ಲ ಬಂದ್ ಮಾಡಿಬಿಡು ಅಂದರಂತೆ.

"ಯಾಕಂತೆ?" ಅಮ್ಮ ಕೇಳಿದಳು.

"ಮೆಟ್ಟಿಲು ಹತ್ತೋಕೆ ಆಗ್ತಿಲ್ಲವಂತೆ. ಮಂಚ ಕೆಳಗೆ ಹಾಕ್ಕೊಂಡಿದ್ದಾರೆ. ಒಂದು ತಿಂಗಳಾಯ್ತಂತೆ ಮೇಲೆ ಹೋಗಿ. ಮಕ್ಕಳಿಗೂ ಹೇಳಿಲ್ಲ. ಹೇಳಿದ್ರೆ ಮನೆ ಮಾರು, ನಮ್ಮ ಜೊತೆ ಬಾ ಅಂತಾರಂತೆ." ಅಪ್ಪ ಮಂಡಿ ನೀವಿಕೊಂಡ. "ನಾನು ಮೇಲೆ ಹೋಗಿ ವಾಲ್ವ್ ತಿರುಗಿಸಿ ಬಂದೆ. ಕೆಳಗೆ ಮೆಟ್ಟಿಲ ಹತ್ತಿರ ನಿಂತಿದ್ರು. ಮೇಲೆ ಕಿಟಕಿ ಹಾಕಿದ್ಯಾ, ಧೂಳು ಬಂದಿದ್ಯಾ, ಪುಸ್ತಕ ಹೇಗಿವೆ ಅಂತೆಲ್ಲ ಕೇಳಿದ್ರು. ಬೇರೆ ಊರಿಂದ ಬಂದೋರನ್ನ ಕೇಳೋ ಹಾಗೆ."

ಅಮ್ಮನ ಕಣ್ಣಲ್ಲಿ ನೀರು ಬಂತು. ಇದು ಸುಳ್ಳಲ್ಲ, ನಾನೇ ನೋಡಿದ್ದೇನೆ. ಅದೇ ಅಮ್ಮ, ಅಪ್ಪ ನಮ್ಮ ಟ್ಯಾಂಕ್ ನೋಡಲು ತಾರಸಿಗೆ ಹೋದಾಗ, ಹಳದಿ ಚೀಟಿ ನನ್ನ ಮುಂದಿಟ್ಟಳು.

"ನಿನ್ನ ಅಕ್ಷರ ಚೆನ್ನಾಗಿದೆ. ಬರಿ. ಹೆಡ್‌ಮಿಸ್ ಮನೆ. ಮೇಲ್ಮಹಡಿ ಖಾಲಿ ಇದೆ, ಬಾಡಿಗೆಗೆ ಕೊಡಬಹುದು. ವಯಸ್ಸಾಗಿದೆ, ಮೇಲೆ ಹೋಗಲಾರರು."

"ಅಪ್ಪನ್ನ ಕೇಳಿದ್ಯಾ?"

"ಬಾಡಿಗೆ ಬಂದ್ರೆ ಅವರಿಗೇ ಒಳ್ಳೇದಲ್ವಾ? ಮನೇಲಿ ಜನ ಇದ್ದ ಹಾಗೂ ಆಯ್ತು. ಬರಿ ಸುಮ್ಮನೆ."

ಬರೆದೆ. ಬೇಡ ಅನ್ನುವ ವಯಸ್ಸು ಆಗಿತ್ತು, ಅನ್ನಲಿಲ್ಲ. ಬೆಳಗ್ಗೆ ಅಮ್ಮ ಅದನ್ನು ಮಡಿಸಿ ಅಪ್ಪನ ಅಂಗಿ ಜೇಬಿಗೆ ತುರುಕಿದಳು. "ಇದನ್ನ ಮನೆ ಬ್ರೋಕರ್ ಕೈಗೆ ಕೊಡಿ. ಮರೀಬೇಡಿ." ದಿನವೂ ಗಿರಾಕಿಗಳ ವಿಳಾಸ ಬರೆದು ಅವಳು ಹಾಗೇ ಜೇಬಿಗೆ ಹಾಕುತ್ತಿದ್ದಳು, ಅವನು ಹಾಗೇ ಹೊರಟುಬಿಡುತ್ತಿದ್ದ. ಅವತ್ತೂ ಹೊರಟ. ಚೀಟಿ ಕೊಟ್ಟದ್ದಕ್ಕೆ ಇಪ್ಪತ್ತೆಂಟು ಜನ ಚಪ್ಪಾಳೆ ಹೊಡೆದರಂತೆ. ಅಪ್ಪ ನಾಚಿಕೊಂಡು ಹೇಳಿದ, ನಾವು ನಕ್ಕೆವು.

ಶುಕ್ರವಾರ ಮಧ್ಯಾಹ್ನ ಫೋನ್ ಬಂತು. ಎತ್ತಿದ್ದು ಅಮ್ಮ. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು. ಒಂದು ಕಾಲಕ್ಕೆ ಇಡೀ ಮೈದಾನಕ್ಕೆ ಕೇಳಿಸುತ್ತಿದ್ದ ದನಿ ಅದು.

"ನಿಮ್ಮ ಯಜಮಾನನಿಗೆ ಹೇಳಮ್ಮ, ಇನ್ನು ನಮ್ಮ ಮನೆಗೆ ಬರೋದು ಬೇಡ. ಇವತ್ತು ಒಬ್ಬ ಬ್ರೋಕರ್ ಅಳತೆ ಟೇಪ್ ಹಿಡ್ಕೊಂಡು ಬಂದಿದ್ದ. ಗಿರಾಕೀನೂ ಕರ್ಕೊಂಡು ಬಂದಿದ್ದ. ನಾನು ಮೆಟ್ಟಿಲು ಹತ್ತಲಾರೆ ಅಂತ ನನ್ನ ಮಕ್ಕಳಿಗೂ ಗೊತ್ತಿಲ್ಲ, ಅವನಿಗೆ ಗೊತ್ತಿತ್ತು. ನಿಮ್ಮ ಪ್ಲಂಬರೇ ಬರೆದುಕೊಟ್ಟಿದ್ದು ಅಂತ ಚೀಟಿ ತೋರಿಸಿದ. ಅದನ್ನ ಕಿತ್ತಿಟ್ಕೊಂಡಿದ್ದೀನಿ. ವಾಲ್ವ್ ಬಂದ್ ಮಾಡಿಸಬೇಕಿತ್ತಲ್ಲ, ಅದಕ್ಕೆ ನಿಮ್ಮ ಯಜಮಾನನಿಗೆ ಹೇಳಿದೆ. ಇಲ್ಲದಿದ್ರೆ ಅವನಿಗೂ ಹೇಳ್ತಿರಲಿಲ್ಲ."

ಅಮ್ಮ "ಸರಿ ಮೇಡಂ" ಅಂದಳು. ಫೋನ್ ಇಟ್ಟು, ನನ್ನನ್ನು ನೋಡಿ, "ಅಪ್ಪನಿಗೆ ನಾನೇ ನಿಧಾನವಾಗಿ ಹೇಳ್ತೀನಿ" ಅಂದಳು. ಆ ನಿಧಾನ ಶನಿವಾರದವರೆಗೂ ಬರಲಿಲ್ಲ. ಶನಿವಾರ ಅಪ್ಪ, ಹೆಡ್‌ಮಿಸ್‌ಗೆ ಹಾಕಿಕೊಡಲು ಒಪ್ಪಿಕೊಂಡಿದ್ದ ಹೊಸ ನಲ್ಲಿ ಹಿಡಿದು ಅವರ ಮನೆಗೇ ಹೋದ. ಅವರು ಬಾಗಿಲು ತೆಗೆಯಲಿಲ್ಲ. ಕಿಟಕಿಯಲ್ಲೇ ನಿಂತು, "ಬರೋದು ಬೇಡ ಅಂತ ನಿನ್ನ ಹೆಂಡತಿಗೆ ಹೇಳಿದ್ದೆನಲ್ಲ" ಅಂದರು. ಯಾಕೆ ಅಂತ ಅವನು ಕೇಳಿದ್ದಕ್ಕೆ, ಕಿಟಕಿ ಸರಳಿನ ಸಂದಿಯಿಂದ ಹಳದಿ ಚೀಟಿ ತೋರಿಸಿದರು.

ಅಪ್ಪ ಹನ್ನೊಂದು ಗಂಟೆಗೇ ಮನೆಗೆ ಬಂದ. ಅಮ್ಮ ಬೀನ್ಸ್ ನಾರು ತೆಗೆಯುತ್ತಿದ್ದಳು.

"ಚೀಟೀಲಿ ಏನು ಬರೆಸಿದ್ದೆ?"

ಅಮ್ಮ ಎದ್ದು ನಿಂತಳು. "ರೀ, ಅವರಿಗೆ ಒಳ್ಳೇದಾಗಲಿ ಅಂತ..."

"ಅದು ನಿನಗೆ ಹೇಳಿದ್ದು. ಬೀದಿಗೆ ಹೇಳಿದ್ದಲ್ಲ."

"ನಿಮ್ಮ ಸೀಟು ಹೋಗ್ತಿತ್ತು. ಯಾರಿಗೋಸ್ಕರ ಮಾಡಿದೆ ನಾನು? ಆ ಮಂಡಿ ಇಟ್ಕೊಂಡು ನೀವು..."

"ನನ್ನ ಮಂಡಿ ನಾನು ನೋಡ್ಕೋತೀನಿ!" ಅಪ್ಪ ಕೂಗಿದ. ಅವನು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೂಗಿದ ಮೇಲೆ ಅವನಿಗೇ ಗಾಬರಿಯಾಗಿ ದನಿ ಇಳಿಸಿದ. "ಫೋನ್ ಬಂದಿತ್ತಂತೆ. ಅದನ್ನೂ ಹೇಳಲಿಲ್ಲ. ಹೇಳಿದ್ರೆ ನಾನು ಇವತ್ತು ಹೋಗಿ ಕಿಟಕಿ ಹತ್ತಿರ ಭಿಕ್ಷುಕನ ಹಾಗೆ ನಿಲ್ತಿರಲಿಲ್ಲ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಂಡರು, ಮಲಗಿದರು, ಎದ್ದರು, ಮತ್ತೆ ಉಂಡರು. ಜಗಳ ಹಾಗೇ ಇತ್ತು. ಬಾಯಿ ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಅಪ್ಪ ಬಯ್ಯಲಿಲ್ಲ, ತಟ್ಟೆ ತಳ್ಳಲಿಲ್ಲ. ಸಂಜೆ ಬಂದು ಸ್ಟೂಲಿನ ಮೇಲೆ ಕೂತು, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಗೋಡೆ ನೋಡುತ್ತಿದ್ದ. ಅಮ್ಮ ಹೆಚ್ಚುತ್ತ ಹೆಚ್ಚುತ್ತ ಕಾಯುತ್ತಿದ್ದಳು.

"ಇವತ್ತು ಎಲ್ಲಿ ಕೆಲಸ ಇತ್ತು?" ಅನ್ನುವಳು, ಡೈರಿಯಲ್ಲಿ ತಾನೇ ಬರೆದಿದ್ದರೂ.

"ವಾಷರ್ ಹೋಗಿತ್ತು," ಅನ್ನುವನು.

ಅಮ್ಮ ಈರುಳ್ಳಿ ಇಲ್ಲದ ದಿನವೂ ಮೂಗು ಒರೆಸಿಕೊಳ್ಳುತ್ತಿದ್ದಳು. ತನ್ನನ್ನೂ ಅವನು ಗಿರಾಕಿಗಳ ಸಾಲಿಗೆ ಸೇರಿಸಿಬಿಟ್ಟನಲ್ಲ ಅನ್ನುವ ಸಂಕಟ ಅದು. ಮುಂದಿನ ಬುಧವಾರ ಅಪ್ಪ ಬಳಗಕ್ಕೆ ಹೋಗಲಿಲ್ಲ. ಅಂಗಿ ಇಸ್ತ್ರಿ ಆಗಿ ಮೊಳೆಯಲ್ಲೇ ನೇತಾಡುತ್ತಿತ್ತು.

ಒಂಬತ್ತನೆಯ ದಿನ ಅಜ್ಜಿಗೆ ತಡೆಯಲಾಗಲಿಲ್ಲ. ಮೊದಲು ಮಗನನ್ನು ಹಿಡಿದಳು. "ಲೋ, ಅವಳು ಮಾಡಿದ್ದು ತಪ್ಪು. ಒಪ್ಪಿದೆ. ಆದ್ರೆ ನಿನ್ನ ಮಂಡೀನ ನಿನಗಿಂತ ಜಾಸ್ತಿ ನೋಡ್ಕೊಂಡೋಳು ಅವಳು. ನಿಮ್ಮಪ್ಪ ಹೊರಗೆ ಬಾಯಿ ಮುಚ್ಕೋ ಅಂದಿದ್ದ, ಮನೇಲಿ ಮುಚ್ಕೋ ಅಂದಿರಲಿಲ್ಲ."

ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅಜ್ಜಿ ಸೊಸೆಯ ಕಡೆ ತಿರುಗಿದಳು. "ನೀನೂ ಅಷ್ಟೇ. ಒಲೆ ಮುಂದೆ ನಿಂತು ಅತ್ರೆ ಆ ಮೇಡಂಗೆ ಕೇಳಿಸತ್ತಾ? ಹೋಗಿ ತಪ್ಪಾಯ್ತು ಅನ್ನು. ಇವಳನ್ನೂ ಕರ್ಕೊಂಡು ಹೋಗು, ಬರೆದೋಳು ಇವಳೇ ತಾನೆ!"

ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ. ಪ್ರಯೋಜನ ಆಗಲಿಲ್ಲ.

ಹೆಡ್‌ಮಿಸ್ ಮನೆಯ ಬಾಗಿಲು ತೆರೆಯಲು ಐದು ನಿಮಿಷ ಹಿಡಿಯಿತು. ಬೇಕಂತಲೇ ತೆಗೆಯುತ್ತಿಲ್ಲವೇನೋ ಅಂದುಕೊಂಡೆವು. ಆಮೇಲೆ ಕಾಲೆಳೆಯುವ ಸದ್ದು ಕೇಳಿಸಿತು. ಐದು ನಿಮಿಷ ಯಾಕೆ ಅಂತ ಗೊತ್ತಾಗಿ ಅಮ್ಮ ತುಟಿ ಕಚ್ಚಿಕೊಂಡಳು. ಬಿಳಿ ಕೂದಲು, ಇಸ್ತ್ರಿ ಮುರಿಯದ ಸೀರೆ. ಕೂರಿ ಅನ್ನಲಿಲ್ಲ.

"ತಪ್ಪು ನಂದು ಮೇಡಂ," ಅಂದಳು ಅಮ್ಮ, ಹೊಸ್ತಿಲಲ್ಲೇ. "ಅವರು ಮನೇಲಿ ನನಗೆ ಹೇಳಿದ್ರು, ನಾನು ಚೀಟಿ ಬರೆಸಿದೆ. ಅವರಿಗೆ ಗೊತ್ತೇ ಇರಲಿಲ್ಲ. ಓದದೆ ಕೊಟ್ಟುಬಿಟ್ರು."

"ಓದದೆ ಯಾಕೆ ಕೊಟ್ಟ? ಓದು ಬರಲ್ವಾ?"

"ಬರತ್ತೆ ಮೇಡಂ." ಅಮ್ಮ ಹೊಸ್ತಿಲು ನೋಡಿದಳು. "ನಾನು ಕೊಟ್ಟದ್ದು ಅಂತ ಓದಲಿಲ್ಲ."

ಹೆಡ್‌ಮಿಸ್ ಅವಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, "ಒಳಗೆ ಬನ್ನಿ" ಅಂದರು.

ಒಳಗೆ ಹಾಲ್‌ನಲ್ಲೇ ಮಂಚ ಹಾಕಿತ್ತು. ಊಟದ ಮೇಜಿನ ಮೇಲೆ ಔಷಧಿ, ಕನ್ನಡಕ, ಆ ಹಳದಿ ಚೀಟಿ. ಹೆಡ್‌ಮಿಸ್ ಅದನ್ನು ಎತ್ತಿ ನನ್ನ ಮುಂದೆ ಹಿಡಿದರು. "ಇದು ನಿನ್ನ ಅಕ್ಷರವಾ?"

"ಹೌದು ಮಿಸ್."

"ಅಕ್ಷರ ಗುಂಡಗಿದೆ. ಆದ್ರೆ 'ಮೇಲ್ಮಾಹಡಿ' ಅಂತ ಬರೆದಿದ್ದೀಯ. ಮೇಲ್ಮಹಡಿ. ದೀರ್ಘ ಎಲ್ಲಿಂದ ಬಂತು?" ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಬಿಟ್ಟಿದ್ದರು, ನಾನು ಬರುವ ಮೊದಲೇ. ಅಷ್ಟು ಸಿಟ್ಟಿನಲ್ಲೂ ತಿದ್ದದೆ ಇರಲು ಆಗಿರಲಿಲ್ಲ ಅವರಿಗೆ. ನನಗೆ ನಗು ಬಂತು, ನಾಚಿಕೆಯೂ ಆಯಿತು.

"ನೋಡಮ್ಮ," ಅಮ್ಮನಿಗೆ ಹೇಳಿದರು, "ಮೇಲಿನ ಮನೆ ಖಾಲಿ ಇದೆ ಅಂತ ನೀನು ಬರೆಸಿದ್ದೀಯ. ಅದು ಖಾಲಿ ಇಲ್ಲ. ನನಗೆ ಹತ್ತೋಕಾಗಲ್ಲ, ಅಷ್ಟೇ. ಎರಡೂ ಒಂದೇ ಅಲ್ಲ."

ಅಮ್ಮ ತಲೆ ತಗ್ಗಿಸಿಕೊಂಡೇ ಇದ್ದಳು. ಆಮೇಲೆ ಒಂದು ಮಾತು ಕೇಳಿದಳು. ಈ ಕಥೆಯಲ್ಲಿ ಯಾರೂ ಅಲ್ಲಿಯವರೆಗೆ ಕೇಳದೇ ಇದ್ದ ಮಾತು. "ನಿಮಗೆ ಏನು ಬೇಕು ಮೇಡಂ?"

"ನನಗಾ?" ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿಕೊಂಡರು. "ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಒಂದು ಕಂಬಿ ಬೇಕು. ಆಮೇಲೆ ನನ್ನ ಪುಸ್ತಕ ಕೆಳಗೆ ಬರಬೇಕು. ಇಡೋಕೆ ಇಲ್ಲಿ, ಈ ಗೋಡೆಗೆ, ಒಂದು ಕಪಾಟು. ಕೈಗೆ ಸಿಗೋ ಎತ್ತರಕ್ಕೆ."

"ಕಂಬಿ ನಮ್ಮ ಮನೆಯವರು ಹಾಕ್ತಾರೆ. ಕಪಾಟಿಗೆ ಬಳಗದಲ್ಲಿ ಒಬ್ಬ ಬಡಗಿ ಇದ್ದಾರೆ. ಹೇಳಲಾ?"

"ಏನು ಹೇಳ್ತೀಯ?"

"ನೀವು ಏನು ಹೇಳು ಅಂತೀರೋ ಅದು."

ಹೆಡ್‌ಮಿಸ್ ನನ್ನ ಕಡೆ ಪೆನ್ನು ಚಾಚಿದರು. "ಬರ್ಕೋ. ಕಪಾಟು ಬೇಕು. ಅಷ್ಟೇ ಬರಿ. ಅಳತೆ ಬಂದಾಗ ಹೇಳ್ತೀನಿ." ನಾನು ಬರೆದದ್ದನ್ನು ಓದಿ, ದೀರ್ಘ ಹ್ರಸ್ವ ನೋಡಿ, ಕೆಳಗೆ ಸಹಿ ಹಾಕಿದರು. ಹೊರಡುವಾಗ ಅಮ್ಮನ ತೋಳು ಮುಟ್ಟಿ, "ನೀನು ತಪ್ಪು ಒಪ್ಪಿಕೊಂಡದ್ದು ನನ್ನ ಹತ್ತಿರ. ಆದ್ರೆ ದೊಡ್ಡ ಸಾಲ ತೀರಿಸಬೇಕಾದದ್ದು ನನಗಲ್ಲ, ನಿನ್ನ ಗಂಡನಿಗೆ" ಅಂದರು.

ಬುಧವಾರ ಬೆಳಗ್ಗೆ ಐದೂವರೆಗೆ ಅಮ್ಮ ನನ್ನನ್ನು ಎಬ್ಬಿಸಿದಳು. ಸದಸ್ಯರಿಗೆ ಬರಲಾಗದಿದ್ದರೆ ಮನೆಯವರು ಬದಲಿಯಾಗಿ ಹೋಗಬಹುದು ಅಂತ ನಿಯಮ ಇತ್ತು. ಅಪ್ಪ ಇನ್ನೂ ಮಲಗಿದ್ದ, ಅಥವಾ ಮಲಗಿದವನ ಹಾಗೆ ಇದ್ದ.

ಹೋಟೆಲಿನ ಹಾಲ್‌ನಲ್ಲಿ ಉದ್ದನೆಯ ಮೇಜು, ಮೊಟ್ಟೆ, ಬ್ರೆಡ್ಡು, ಚಹಾದ ಹಬೆ. ಹಲ್ಲಿನ ಡಾಕ್ಟರ್ ನಕ್ಕು ಕೂತರು, ಕಾರ್ಡ್ ಛಾಪಿಸುವವರು ಕಾರ್ಡ್ ಹಂಚಿ ಕೂತರು. ಅಮ್ಮನ ಸರದಿ ಬಂತು. ಫೋನಿನಲ್ಲಿ ಇಡೀ ಊರನ್ನು ಆಳುವ ನಮ್ಮ ಅಮ್ಮ, ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ನಾನು ಪ್ಲಂಬರ್ ಅಲ್ಲ. ಪ್ಲಂಬರ್ ಹೆಂಡತಿ. ಎರಡು ವಾರದ ಹಿಂದೆ ನಮ್ಮ ಮನೆಯವರು ಬ್ರೋಕರ್‌ಗೆ ಒಂದು ಚೀಟಿ ಕೊಟ್ರು, ನೀವೆಲ್ಲ ಚಪ್ಪಾಳೆ ಹೊಡೆದ್ರಿ. ಅದು ಅವರದ್ದಲ್ಲ. ಅವರು ನನ್ನ ಹತ್ತಿರ ಹೇಳ್ಕೊಂಡ ಮಾತನ್ನ ನಾನು ಚೀಟೀಲಿ ಬರೆಸಿ ಕಳಿಸಿದೆ. ಒಬ್ಬ ಹಿರಿಯರ ಮನಸ್ಸು ನೋಯ್ತು. ನನ್ನ ಗಂಡನ 'ಬರಿಗೈ' ಬಗ್ಗೆ ನಿಮಗೆಲ್ಲ ಬೇಜಾರಿದೆ, ನನಗೂ ಇತ್ತು. ಆದ್ರೆ ಅವರು ನಿಮ್ಮ ಮನೆಗಳಿಗೂ ಬರ್ತಾರೆ. ನಿಮ್ಮ ಬಚ್ಚಲು ನೋಡ್ತಾರೆ, ನಿಮ್ಮ ಸಿಂಕಿನ ಕೆಳಗೆ ನೋಡ್ತಾರೆ. ಅಲ್ಲಿ ಕಂಡದ್ದನ್ನೆಲ್ಲ ಹಳದಿ ಚೀಟೀಲಿ ಬರೆದು ಇಲ್ಲಿ ಹಂಚಿದ್ರೆ, ಅದಕ್ಕೂ ಚಪ್ಪಾಳೆ ಹೊಡೀತೀರಾ?"

ಅಧ್ಯಕ್ಷರು ಕೆಮ್ಮಿದರು. ಅವರ ಮನೆಯ ಬಚ್ಚಲಿಗೂ ಅಪ್ಪ ಹೋಗಿದ್ದ. ಅಲ್ಲಿ ಏನು ಕಂಡಿದ್ದನೋ ನಮಗ್ಯಾರಿಗೂ ಗೊತ್ತಿಲ್ಲ, ಅಧ್ಯಕ್ಷರಿಗೆ ಗೊತ್ತಿತ್ತು. ಗಂಟೆ ಬಾರಿಸಬೇಕಾದವನು ಗಂಟೆ ಹಿಡಿದು ಸುಮ್ಮನೆ ಕೂತಿದ್ದ.

"ಇದು ಬಡಗಿಯವರಿಗೆ," ಅಮ್ಮ ಚೀಟಿ ಚಾಚಿದಳು. "ಇದು ಕೇಳಿ ತಂದದ್ದು. ಅವರೇ ಸಹಿ ಹಾಕಿದ್ದಾರೆ."

ಬಡಗಿ ಎದ್ದು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡ. ಬ್ರೋಕರ್ ಕೂತಲ್ಲಿಂದಲೇ, "ನಾನೂ ಒಂದು ಫೋನ್ ಮಾಡಿ ಹೋಗಬೇಕಿತ್ತು. ಟೇಪ್ ತಗೊಂಡು ಹೋದದ್ದು ಜಾಸ್ತಿಯಾಯ್ತು" ಅಂದ.

"ಹಾಗಾದ್ರೆ ನಿಮ್ಮ ಯಜಮಾನರಿಗೆ ಸೀಟು ಬೇಕೋ ಬೇಡವೋ?" ಅಧ್ಯಕ್ಷರು ಕೇಳಿದರು. ದನಿ ಮೆತ್ತಗಾಗಿತ್ತು.

"ಅವರನ್ನ ಕೇಳದೆ ಹೇಳೋಕಾಗಲ್ಲ," ಅಂದಳು ನಮ್ಮ ಅಮ್ಮ.

ಮನೆಯಲ್ಲಿ ಅವಳು ಈ ಸುದ್ದಿ ಎತ್ತಲೇ ಇಲ್ಲ. ನನಗೂ ತಾಕೀತು ಮಾಡಿದಳು. ಆದರೆ ಊರಿನಲ್ಲಿ ಪೇಂಟರ್ ಅನ್ನುವ ಒಬ್ಬ ಇದ್ದನಲ್ಲ. ಅವತ್ತು ಮಧ್ಯಾಹ್ನ ಅವನೂ ಅಪ್ಪನೂ ಒಂದೇ ಕಟ್ಟಡದಲ್ಲಿ ಕೆಲಸಕ್ಕಿದ್ದರು. ಏಣಿಯ ಮೇಲೆ ನಿಂತು ಅವನು ಅಮ್ಮನ ಭಾಷಣವನ್ನು ಮೊದಲಿನಿಂದ ಕೊನೆಯವರೆಗೂ ಒಪ್ಪಿಸಿದನಂತೆ, ನಾಲ್ಕು ಮಾತು ತನ್ನದೂ ಸೇರಿಸಿ.

ಸಂಜೆ ಅಪ್ಪ ಬಂದ. ಕೈಕಾಲು ತೊಳೆದ. ಸ್ಟೂಲಿನ ಮೇಲೆ ಕೂತ. ಅಮ್ಮ ಬಿಸಿನೀರಿನ ಚೀಲ ಕೊಟ್ಟು, ಒಲೆಯ ಕಡೆ ತಿರುಗಿ, ಆಲೂಗಡ್ಡೆ ಸುಲಿಯತೊಡಗಿದಳು. ಏನೂ ಕೇಳಲಿಲ್ಲ. ಕೇಳಿ ಕೇಳಿ ಸೋತಿದ್ದಳು.

"ಹೆಡ್‌ಮಿಸ್ ಮನೆಗೆ ಹೋಗಿದ್ದೆ," ಅಂದ ಅಪ್ಪ. "ಕಂಬಿ ಬೇಕು ಅಂದ್ರು, ಹಾಕಿ ಬಂದೆ. ಚಹಾ ಕೊಟ್ರು."

ಅಮ್ಮನ ಕೈ ನಿಂತಿತು. ತಿರುಗಲಿಲ್ಲ.

"ಮುಂದಿನ ಬುಧವಾರ ನಾನೇ ಹೋಗ್ತೀನಿ," ಅಂದ. "ಚೀಟಿ ಇದ್ರೆ ಕೊಡ್ತೀನಿ. ಇಲ್ಲದಿದ್ರೆ ಇಲ್ಲ ಅಂತೀನಿ. ಇಟ್ಕೊಂಡ್ರೆ ಇಟ್ಕೊಳ್ಳಲಿ."

"ಹೂಂ."

ಅಪ್ಪ ಗಂಟಲು ಸರಿಮಾಡಿಕೊಂಡ. "ಅಲ್ಲಿಂದ ಬರ್ತಾ ಇನ್ನೊಂದು ಮನೆಗೆ ಹೋಗಿದ್ದೆ. ಹೊಸ ಮನೆ. ಅಲ್ಲೊಂದು ವಿಷಯ ನಡೀತು ನೋಡು..."

"ಬೇಡ ರೀ." ಅಮ್ಮ ತಿರುಗಿದಳು. ಕಣ್ಣು ತುಂಬಿತ್ತು. "ನನಗೆ ಹೇಳಬೇಡಿ. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ ಈಗ."

"ನನಗಿದೆ," ಅಂದ ಅಪ್ಪ. "ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಎರಡು ವಾರದಿಂದ ಎಲ್ಲ ಒಳಗೇ ಇಟ್ಕೊಂಡು ಓಡಾಡ್ತಿದ್ದೀನಿ. ಮಂಡಿಗಿಂತ ಅದೇ ಜಾಸ್ತಿ ನೋವು."

ಅಮ್ಮ ಚಾಕು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಅವನ ಎದುರಿಗೆ ನೆಲದ ಮೇಲೆ ಕೂತಳು. ನಾನು ಕಿವಿ ನಿಮಿರಿಸಿ ಪುಸ್ತಕದ ಪುಟ ತಿರುಗಿಸಿದೆ. ಅಷ್ಟರಲ್ಲಿ ಅಜ್ಜಿಯ ಕೈ ನನ್ನ ಹೆಗಲ ಮೇಲೆ ಬಿತ್ತು.

"ಏಳೇ. ನನ್ನ ಸೂಜಿಗೆ ದಾರ ಪೋಣಿಸಿಕೊಡು ಬಾ."

"ಈಗಲೇನಾ ಅಜ್ಜಿ?"

"ಈಗಲೇ."

ಅಜ್ಜಿ ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಜಗತ್ತಿನ ಎಲ್ಲ ಮಾತೂ ಕೇಳಿಸಬೇಕು ಅನ್ನುವ ಮುದುಕಿ, ಅವತ್ತು ರೇಡಿಯೋ ದನಿ ಏರಿಸಿ ಗೋಡೆಗೆ ಒರಗಿ ಕೂತಳು. ಸೂಜಿ ಎಲ್ಲಿದೆ ಅಂತ ಕೇಳಿದರೆ ಉತ್ತರವಿಲ್ಲ. ರೇಡಿಯೋದ ಸಂದಿಯಲ್ಲಿ ಅಪ್ಪನ ದನಿ ಒಂದೇ ಸಮನೆ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಊಟಕ್ಕೆ ಕರೆದಾಗ ಗಂಟೆ ಒಂಬತ್ತು. ಆಲೂಗಡ್ಡೆ ತಳ ಹಿಡಿದಿತ್ತು, ಯಾರೂ ಏನೂ ಅನ್ನಲಿಲ್ಲ.

ಅವತ್ತು ಆ ಹೊಸ ಮನೆಯಲ್ಲಿ ಏನು ನಡೆದಿತ್ತು ಅಂತ ಅಮ್ಮನನ್ನು ಎಷ್ಟೋ ಸಲ ಕೇಳಿದ್ದೇನೆ. ರಮಿಸಿ ಕೇಳಿದ್ದೇನೆ, ಜಗಳ ಮಾಡಿ ಕೇಳಿದ್ದೇನೆ, ಮದುವೆಯಾಗಿ ಮಗುವಾದ ಮೇಲೆ, ಇನ್ನಾದರೂ ಹೇಳಬಹುದಲ್ಲ ಅಂತಲೂ ಕೇಳಿದ್ದೇನೆ. ಇವತ್ತಿನವರೆಗೂ ಹೇಳಿಲ್ಲ.